ಬೂದಿ ಡೇರಿ

ನಮ್ಮೂರಿನ ಕೆರೆಯನ್ನು ತೊಳೆದು ಮಾರಿದರು. ಬೇರೆ ಸೀಮೆಯವರಿಗೆ ಹೀಗೆ ಹೇಳಿದರೆ ತಿಳಿಯುವುದಿಲ್ಲ. ಕೆರೆ ಒತ್ತುವರಿಯಾಗುವುದು ಗೊತ್ತು, ಏರಿ ಒಡೆಯುವುದು ಗೊತ್ತು, ತೊಳೆಯುವುದೆಂದರೇನು ಎಂದು ಕೇಳುತ್ತಾರೆ. ಕಣ್ಣಾರೆ ನೋಡುವವರೆಗೆ ನಾನೂ ನಂಬಿರಲಿಲ್ಲ.

ಎರಡು ಸಾವಿರದ ಇಸವಿ ದಾಟಿದ ಹೊಸತು. ನಾನಾಗ ಕೋಲಾರದಲ್ಲಿ ಡಿಪ್ಲೊಮಾ ಓದುವವರಿಗೆ ಸಿವಿಲ್ ಪಾಠ ಹೇಳುತ್ತಿದ್ದೆ. ನನ್ನ ತವರು ಮಾಲೂರು ತಾಲ್ಲೂಕಿನದು, ಮಾಸ್ತಿಗೆ ಹೋಗುವ ಬಸ್ಸಿನಿಂದ ನಡುದಾರಿಯಲ್ಲಿಳಿದು ನಡೆದರೆ ಸಿಗುವ ಊರು. ಅಕ್ಕನನ್ನು ಊರೊಳಗೇ ಕೊಟ್ಟಿದ್ದರಿಂದ ಅಪ್ಪ ಅಮ್ಮ ಹೋದ ಮೇಲೂ ನನಗೆ ತವರು ತಪ್ಪಿರಲಿಲ್ಲ. ಅಕ್ಕ ಓದಿದ್ದು ಕಡಿಮೆ. ಹಿಪ್ಪುನೇರಳೆ ತೋಟ, ಮನೆ ತುಂಬ ರೇಷ್ಮೆ ಹುಳು, ಕೊಟ್ಟಿಗೆಯಲ್ಲಿ ಸೀಮೆಹಸು, ಇವುಗಳ ಜೊತೆಗೆ ಊರಿನ ಮಹಿಳಾ ಡೇರಿಯ ಅಧ್ಯಕ್ಷಗಿರಿ. ಬೆಳಗ್ಗೆ ಎದ್ದರೆ ಅವಳ ದನಿ ಮೂರು ಬೀದಿಗೆ ಕೇಳಿಸುತ್ತಿತ್ತು.

ಆ ರಜೆಯಲ್ಲಿ ಊರಿಗೆ ಹೋದವಳು ಏರಿ ಹತ್ತುತ್ತಿದ್ದ ಹಾಗೆ ನಿಂತುಬಿಟ್ಟೆ. ಕೆರೆಯ ಅಂಗಳದ ತುಂಬ ಗುಂಡಿಗಳು. ಆಳೆತ್ತರದವು, ಎರಡಾಳೆತ್ತರದವು. ಗುಂಡಿಗಳ ಪಕ್ಕ ಮೋಟಾರು, ದಪ್ಪ ಪೈಪು. ಅಂಗಳದ ಮಣ್ಣನ್ನು ಅಗೆದು ತಂದು ಇಳಿಜಾರಿನ ತೊಟ್ಟಿಗೆ ಸುರಿದು, ಪೈಪಿನಿಂದ ನೀರು ಹೊಡೆಯುತ್ತಿದ್ದರು. ಕೆಂಪು ರಾಡಿ ಕೆಳಗೆ ಹರಿದುಹೋಗುತ್ತಿತ್ತು. ಮೇಲೆ ಉಳಿದ ತರಿಯನ್ನು ಬುಟ್ಟಿಯಲ್ಲಿ ತುಂಬಿ ಲಾರಿಗೆ ಹಾಕುತ್ತಿದ್ದರು. ಅದಕ್ಕೆ ಫಿಲ್ಟರ್ ಮರಳು ಎಂದು ಹೆಸರು. ಬೆಂಗಳೂರಿಗೆ ಹೋದ ಮೇಲೆ ಅದೇ ನದಿಯ ಮರಳಾಗುತ್ತಿತ್ತು. ನಮ್ಮ ಸೀಮೆಯ ಪಾಲಾರ್ ನದಿಯಲ್ಲಿ ಮರಳು ಬರಿದಾಗಿ ಎಷ್ಟೋ ಕಾಲವಾಗಿತ್ತು. ಆದರೂ ಬೆಂಗಳೂರಿನ ಮನೆಗಳು ಏಳುತ್ತಲೇ ಇದ್ದವಲ್ಲ, ಅವು ಏಳುತ್ತಿದ್ದದ್ದು ನಮ್ಮ ಕೆರೆಗಳ ಮೇಲೆ.

ಏರಿಯ ಮೇಲೆ ಹೆಗಲಿಗೆ ಟವೆಲ್ ಹಾಕಿಕೊಂಡು ನಿಂತಿದ್ದವನು ನಮ್ಮೂರಿನ ಕಂಟ್ರಾಕ್ಟರ್. ಒಂದು ಸಲ ಪಂಚಾಯ್ತಿ ಮೆಂಬರ್ ಆಗಿದ್ದವನು, ದೂರದ ಲೆಕ್ಕದಲ್ಲಿ ನಮಗೆ ಅಣ್ಣನಾಗಬೇಕು.

"ಏನಮ್ಮಾ ಲೆಕ್ಚರರಮ್ಮ, ಯಾವಾಗ ಬಂದೆ?" ಎಂದ.

"ಇದೇನಣ್ಣ ಇದು? ಕೆರೆ ಇದು."

"ಕೆರೆ ಅಂದ್ರೆ ನೀರಿರ್ಬೇಕಮ್ಮ. ನೀರೆಲ್ಲೈತೆ? ಸುಮ್ಕೆ ಬಿದ್ದಿರೋ ಮಣ್ಣು. ಊಳು ತೆಗಿತಾವ್ನಿ ಅನ್ಕೋ. ಸರ್ಕಾರದೋರು ತೆಗಿಬೇಕಾಗಿದ್ದ ಊಳು ನಾನು ತೆಗಿತಾವ್ನಿ. ಪುಣ್ಯದ ಕೆಲ್ಸ."

"ನೀರಿಲ್ಲ ಅಂತೀಯ. ಇದನ್ನ ತೊಳೆಯೋ ನೀರೆಲ್ಲಿಂದ ಬಂತು?"

ಅವನು ನಕ್ಕ. ನೀರು ಬರುತ್ತಿದ್ದದ್ದು ಏರಿಯ ಕೆಳಗೆ ಅವನೇ ಕೊರೆಸಿದ ಬೋರ್‌ವೆಲ್ಲಿನಿಂದ. ಅದರ ಮಗ್ಗುಲಲ್ಲೇ ಅಕ್ಕನ ತೋಟ. ಕುಡಿಯುವುದಕ್ಕೆ ನೀರು ಸಾಲದ ಸೀಮೆಯಲ್ಲಿ ನೆಲದೊಳಗಿನ ನೀರನ್ನು ಮೇಲೆತ್ತಿ ಮಣ್ಣು ತೊಳೆದು ರಾಡಿ ಮಾಡಿ ಹರಿಯಬಿಡುವುದನ್ನು ಪುಣ್ಯದ ಕೆಲಸ ಎನ್ನುವ ನಾಲಿಗೆ ಅವನದು. ನನ್ನ ಮೈಯೆಲ್ಲ ಉರಿಯಿತು. ಆ ಉರಿ ಆಮೇಲೆ ವರ್ಷಗಟ್ಟಲೆ ಆರಲಿಲ್ಲ.

ಕೋಲಾರಕ್ಕೆ ಹಿಂತಿರುಗುವಾಗ ಆ ಮರಳನ್ನು ಒಂದು ಚೀಲದಲ್ಲಿ ತುಂಬಿಕೊಂಡು ಹೋದೆ. ಲ್ಯಾಬಿನಲ್ಲಿ ವಿದ್ಯಾರ್ಥಿಗಳ ಜೊತೆ ಗಾಜಿನ ಜಾಡಿಗೆ ಸ್ವಲ್ಪ ಹಾಕಿ, ನೀರು ಸುರಿದು ಕುಲುಕಿ ಇಟ್ಟೆವು. ಸ್ವಲ್ಪ ಹೊತ್ತಿಗೆ ಮರಳು ತಳ ಸೇರಿತು, ಅದರ ಮೇಲೆ ಕೆಸರಿನ ದಪ್ಪ ಪದರ ಕೂತಿತು. ಜೇಡಿ ಇದ್ದರೆ ಸಿಮೆಂಟು ಮರಳನ್ನು ಹಿಡಿದುಕೊಳ್ಳುವುದಿಲ್ಲ. ಇದು ಮೊದಲ ವರ್ಷದ ಪಾಠ. ಅದೇ ಮರಳಿನಲ್ಲಿ ಕಾಂಕ್ರೀಟಿನ ಅಚ್ಚು ಹಾಕಿಸಿ, ನೀರಿನಲ್ಲಿ ನೆನೆಸಿ, ಯಂತ್ರಕ್ಕೆ ಕೊಟ್ಟು ಅಮುಕಿದಾಗ ರಾಗಿಹಿಟ್ಟು ಉದುರಿದ ಹಾಗೆ ಉದುರಿತು. ಗೌನಿಪಲ್ಲಿ ಕಡೆಯ ಒಬ್ಬಳು ವಿದ್ಯಾರ್ಥಿನಿ, "ಮೇಡಂ, ನಮ್ಮೂರ ಸ್ಕೂಲಿಗೂ ಇದನ್ನೇ ಹಾಕ್ತಾವ್ರೆ" ಎಂದಳು.

ಬೇರೆ ದಾರಿ ಇರಲಿಲ್ಲವೆಂದಲ್ಲ. ಮುಳಬಾಗಿಲು ರಸ್ತೆಯಲ್ಲಿ ಜಲ್ಲಿ ಒಡೆಯುವ ಕ್ರಷರುಗಳ ಹಿಂದೆ ಕಲ್ಲುಪುಡಿ ಗುಡ್ಡಗುಡ್ಡವಾಗಿ ಬಿದ್ದಿತ್ತು. ಜಲ್ಲಿ ಮಾರಿ ಉಳಿದ ಕಸ ಅದು, ಯಾರಿಗೂ ಬೇಡವಾದದ್ದು. ಅದನ್ನು ಜರಡಿ ಹಿಡಿದು ಹಿಟ್ಟಿನಂಥ ನುಣುಪನ್ನು ತೆಗೆದರೆ ಮರಳಿನ ಕೆಲಸ ಮಾಡುತ್ತದೆ. ಸಿಮೆಂಟಿನ ಮಾತೂ ಹಾಗೆಯೇ. ಒಂದು ಮೂಟೆ ಸಿಮೆಂಟು ಆಗಬೇಕಾದರೆ ಎಲ್ಲೋ ಒಂದು ಸುಣ್ಣಕಲ್ಲಿನ ಬೆಟ್ಟ ಕರಗಬೇಕು, ಕಲ್ಲಿದ್ದಲು ಉರಿಯಬೇಕು, ಹೊಗೆ ಏಳಬೇಕು. ಇನ್ನೊಂದು ಕಡೆ ಕರೆಂಟು ಮಾಡುವ ಶಾಖದ ಸ್ಥಾವರಗಳಲ್ಲಿ ಕಲ್ಲಿದ್ದಲು ಸುಟ್ಟ ಬೂದಿ ಕೆರೆಕೆರೆಯಷ್ಟು ತುಂಬಿ ಕೂತಿದೆ. ಆ ಬೂದಿಯನ್ನು ಬೆರೆಸಿದ ಸಿಮೆಂಟು ಆಗಲೇ ಅಂಗಡಿಗೆ ಬಂದಿತ್ತು. ಗಟ್ಟಿಯಾಗಲು ತುಸು ಹೆಚ್ಚು ಕಾಲ ಬೇಕು, ಹೆಚ್ಚು ದಿನ ನೀರುಣಿಸಬೇಕು, ಆದರೆ ಆದ ಮೇಲೆ ಭದ್ರ. ಬೂದಿ ಸಿಮೆಂಟು, ಕಲ್ಲುಪುಡಿ ಸೇರಿಸಿ ನಾವು ಹಾಕಿದ ಅಚ್ಚುಗಳು ಯಂತ್ರಕ್ಕೆ ಸುಲಭವಾಗಿ ಸೋಲಲಿಲ್ಲ. ಒಡೆದಾಗ ಬಂದೂಕು ಹೊಡೆದ ಸದ್ದು ಬಂತು. ಹುಡುಗರು ಚಪ್ಪಾಳೆ ತಟ್ಟಿದರು.

ಆ ವರ್ಷವೇ ನಮ್ಮೂರ ಮಹಿಳಾ ಡೇರಿಗೆ ಹೊಸ ಕಟ್ಟಡ ಮಂಜೂರಾಯಿತು. ಹಳೆಯದು ಸೋರುತ್ತಿದ್ದ ಒಂದು ಕಲ್ಲುಚಪ್ಪಡಿಯ ಕೋಣೆ. ಕೆಲಸ ಹಿಡಿಯಲು ಕಂಟ್ರಾಕ್ಟರ್ ತುದಿಗಾಲಲ್ಲಿ ನಿಂತಿದ್ದ. ನಾನು ಜಾಡಿಯನ್ನು ಊರಿಗೆ ತಂದು ಡೇರಿಯ ಹೆಂಗಸರ ಮುಂದೆ ಕುಲುಕಿ ಇಟ್ಟೆ. ಕೆಸರಿನ ಪದರ ಕೂತಿತು. ಅಕ್ಕ ಬಗ್ಗಿ ನೋಡಿದಳು.

"ಇದು ನಮ್ಮ ಕೆರೆ ಮಣ್ಣೇನೇ?"

"ಹೂಂ ಕಣೇ."

"ಕೆರೆನ ತೊಳ್ದು, ನಮ್ಮ ನೀರಲ್ಲೇ ತೊಳ್ದು, ನಮ್ಮ ತಲೆ ಮೇಲೇ ಚಾವಣಿ ಆಗಿ ಹಾಕ್ತಾನಾ ಅವ್ನು?" ಅಕ್ಕ ಎದ್ದು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು. "ನಮ್ಮ ಡೇರಿಗೆ ಕೆರೆ ಮರಳು ಒಂದು ಬುಟ್ಟಿನೂ ಬೇಡ. ಏನ್ ಹಾಕ್ಬೇಕೋ ನೀನೇಳು."

ಇಬ್ಬರೂ ಮಾಲೂರಿಗೆ ಹೋಗಿ ಕಟ್ಟಡದ ಉಸ್ತುವಾರಿಯ ಇಂಜಿನಿಯರನ್ನು ಕಂಡೆವು. ಓದಿದವರು, ಒಳ್ಳೆಯ ಮಾತಿನವರು. ಕಾಫಿ ತರಿಸಿದರು. ನಾನು ಹೇಳಿದ್ದೆಲ್ಲ ಕೇಳಿ, "ಮೇಡಂ, ಎಸ್ಟಿಮೇಟ್‌ನಲ್ಲಿ ಬರೆದಿರೋದು ಮರಳು. ಬಿಲ್ಲಲ್ಲೂ ಮರಳು ಅಂತಲೇ ಬರುತ್ತೆ. ಎಲ್ಲಿಂದ ಬಂದೆ ಅಂತ ಮರಳೇನು ಬಾಯಿ ಬಿಟ್ಟು ಹೇಳುತ್ತಾ?" ಎಂದರು.

"ಜಾಡಿಗೆ ಹಾಕಿದ್ರೆ ಹೇಳುತ್ತೆ ಸಾರ್" ಎಂದೆ.

"ನೀವು ಜಾಡಿಗೆ ಹಾಕ್ತೀರ. ನಾನು ಜಿಲ್ಲೆ ಎಲ್ಲಾ ಕಟ್ಟಬೇಕು. ಕಲ್ಲುಪುಡಿ ಅಂತ ನಮ್ಮ ದರಪಟ್ಟಿಯಲ್ಲಿ ಐಟಮ್ಮೇ ಇಲ್ಲ. ಇಲ್ಲದ ಐಟಮ್ ಹಾಕಿಸಿ ನಾಳೆ ಹೆಚ್ಚುಕಮ್ಮಿ ಆದರೆ ನನ್ನ ಕುತ್ತಿಗೆಗೆ ಬರುತ್ತೆ."

"ಈಗ ಉದುರೋದು ಹಾಕಿಸಿದ್ರೆ ಯಾರ ಕುತ್ತಿಗೆಗೆ ಬರುತ್ತೆ?"

ಅವರು ಕಾಫಿ ಲೋಟ ಪಕ್ಕಕ್ಕಿಟ್ಟರು. ತಿಳಿಯದವರ ಮೇಲೆ ನನಗೆಂದೂ ಸಿಟ್ಟು ಬಂದಿಲ್ಲ. ಎಲ್ಲ ತಿಳಿದೂ ದರಪಟ್ಟಿಯ ಹಿಂದೆ ಬಚ್ಚಿಟ್ಟುಕೊಳ್ಳುವವರನ್ನು ಕಂಡರೆ ಈಗಲೂ ಆಗುವುದಿಲ್ಲ. ಅಕ್ಕ ಎದ್ದು, "ಅಂಗಾದ್ರೆ ನಿಮ್ಮ ಕಟ್ಟಡ ನಿಮ್ಮತ್ರಾನೇ ಇರ್ಲಿ ಸಾಮಿ. ಹಾಲು ನಾವು ಮರದ ಕೆಳಗೆ ಅಳೀತೀವಿ. ಯಾಕೆ ಅಂತ ಕೇಳ್ದೋರಿಗೆಲ್ಲ ಹೇಳ್ತೀವಿ" ಎಂದು ಹೊರಟೇಬಿಟ್ಟಳು. ಬಾಗಿಲವರೆಗೆ ಹೋದವಳನ್ನು ಅವರೇ ಕರೆದರು. ಪರೀಕ್ಷೆಯ ಫಲಿತಾಂಶದ ಮೇಲೆ ಕಾಲೇಜಿನಿಂದ ಬರೆಸಿಕೊಟ್ಟರೆ ಒಂದು ಸಲ ಮೇಲಿನವರನ್ನು ಕೇಳಿ ನೋಡುವೆನೆಂದರು. ನಮ್ಮ ಪ್ರಿನ್ಸಿಪಾಲರು, "ಕಾಲೇಜಿನ ಹೆಸರು ಯಾಕಮ್ಮ ಸುಮ್ನೆ" ಎಂದು ಕೈ ತೊಳೆದುಕೊಂಡರು. ನಾನು ನನ್ನ ಹೆಸರಿನಲ್ಲೇ ಬರೆದು ಸಹಿ ಹಾಕಿಕೊಟ್ಟೆ. ಒಪ್ಪಿಗೆ ಬಂತು, ಜವಾಬ್ದಾರಿ ಪೂರ್ತಿ ಡೇರಿ ಸಂಘದ್ದೇ ಎಂಬ ಒಂದು ಸಾಲಿನ ಜೊತೆ.

ಕೆಲಸವನ್ನು ಸಂಘವೇ ಮಾಡಿಸಿತು. ಹಳೆಯ ಕೋಣೆಯನ್ನು ಬಿಚ್ಚಿದಾಗ ಸಿಕ್ಕ ಕಲ್ಲುಗಳನ್ನೇ ಗೋಡೆಗೆ ಹಾಕಿದೆವು, ಒಡೆದ ಗಾರೆ ಇಟ್ಟಿಗೆ ಚೂರುಗಳನ್ನು ಪಾಯದ ತಳಕ್ಕೆ ಹಾಸಿದೆವು. ಎಲ್ಲಿ ಕಾಂಕ್ರೀಟು ಬೇಡವೋ ಅಲ್ಲಿ ಹಾಕದಿರುವುದೇ ಮೊದಲ ಉಳಿತಾಯ ಎಂದು ನಾನು ತರಗತಿಯಲ್ಲಿ ಹೇಳುತ್ತಿದ್ದದ್ದು ಅಲ್ಲಿ ಕಣ್ಣೆದುರು ನಡೆಯಿತು. ಕಾಂಕ್ರೀಟು ಬೇಕಾದದ್ದು ಬಾಗಿಲು ಕಿಟಕಿಯ ಮೇಲಿನ ಲಿಂಟಲಿಗೆ, ಚಾವಣಿಗೆ. ಕಲ್ಲುಪುಡಿ ಲಾರಿಯಲ್ಲಿ ಬಂದು ಬಿತ್ತು. ಡೇರಿಯ ಹೆಂಗಸರು ಬಾಯಿ ಮೂಗಿಗೆ ಸೆರಗು ಕಟ್ಟಿಕೊಂಡು, ಕಬ್ಬಿಣದ ಜಾಲರಿ ಹಿಡಿದು ಜರಡಿ ಮಾಡಿದರು. ಸಂಜೆ ಹೊತ್ತಿಗೆ ಎಲ್ಲರ ಹುಬ್ಬೂ ಬೆಳ್ಳಗಾಗಿತ್ತು. ಕಂಟ್ರಾಕ್ಟರ್ ದಾರಿಯಲ್ಲಿ ನಿಂತು, "ಕಲ್ಲು ಕೇರ್ತಾವ್ರೆ ನೋಡ್ರಲಾ, ನಾಳೆಯಿಂದ ಮುದ್ದೆನೂ ಇದರಲ್ಲೇ ಮಾಡ್ತಾರೆ" ಎಂದು ಕೂಗಿದ. ಬೂದಿ ಸಿಮೆಂಟಿನ ಸುದ್ದಿ ಎದ್ದ ಮೇಲಂತೂ ಕೇಳುವ ಹಾಗಿರಲಿಲ್ಲ. ಬೂದಿ ಡೇರಿ ಎಂದು ಹೆಸರಿಟ್ಟ. ಸ್ಮಶಾನದ ಬೂದಿಯಂತೆ, ಅಂಥ ಕಟ್ಟಡದಲ್ಲಿಟ್ಟ ಹಾಲು ಒಡೆಯುವುದಂತೆ. ಮನೆಮನೆಯಲ್ಲೂ ಅದೇ ಮಾತು.

ಮೇಸ್ತ್ರಿ ಮುಳಬಾಗಿಲಿನ ಆಚೆಯವನು, ತೆಲುಗು ಮನೆಮಾತು. ಬೂದಿ ಎಂದರೆ ಅವನಿಗೂ ಮನಸ್ಸಿರಲಿಲ್ಲ. "ಏಮ್ಮಾ, ಈ ಬೂಡಿದ ನಿಲ್ತಾದಾ? ನನ್ನ ಮರ್ಯಾದೆ ಹೋಗ್ತದಮ್ಮಾ" ಎಂದು ದಿನಕ್ಕೊಂದು ಸಲ ರಾಗ ತೆಗೆಯುತ್ತಿದ್ದ. ಕೋಲಾರದಿಂದ ವಾರದ ಕೊನೆಗೆ ಬಂದು ನಿಂತು ನಾನೇ ಕಲಸಿಸಿದೆ. ನೀರು ಒಂದು ಚೊಂಬು ಹೆಚ್ಚು ಸುರಿದರೂ ಬಯ್ಯುತ್ತಿದ್ದೆ. ಕಡೆಗೆ ಚಾವಣಿಯ ಕಾಂಕ್ರೀಟು ಹಾಕಿ ಮುಗಿಸಿದೆವು. ಹೆಂಗಸರು ಸರದಿಯ ಮೇಲೆ ಬಿಂದಿಗೆ ಹೊತ್ತು ಚಾವಣಿಗೆ ನೀರುಣಿಸಿದರು. ಹಾಲು ಹಾಕಲು ಬಂದವಳು ಒಂದು ಬಿಂದಿಗೆ ನೀರು ಹಾಕಿಯೇ ಹೋಗಬೇಕೆಂದು ಅಕ್ಕ ಕಟ್ಟಳೆ ಮಾಡಿದ್ದಳು.

ಆಗ ಬಂತು ಸೆಂಟ್ರಿಂಗ್ ತಂಟೆ. ಚಾವಣಿಯನ್ನು ಕೆಳಗಿನಿಂದ ಹೊತ್ತು ನಿಂತಿದ್ದ ಕಬ್ಬಿಣದ ಶೀಟುಗಳು, ನೀಲಗಿರಿ ಕಂಬಗಳು ಕಂಟ್ರಾಕ್ಟರನ ಬಾಮೈದನವು. ಸೀಮೆಗೆಲ್ಲ ಅವನೇ ಬಾಡಿಗೆಗೆ ಕೊಡುವವನು, ನಮಗೆ ಬೇರೆ ಗತಿ ಇರಲಿಲ್ಲ. ಬೂದಿ ಸಿಮೆಂಟು ನಿಧಾನವೆಂದು, ಹೆಚ್ಚು ದಿನ ಬಿಡಬೇಕೆಂದು ಮೊದಲೇ ಹೇಳಿ ಒಪ್ಪಿಸಿದ್ದೆವು. ಆದರೂ ವಾರ ಕಳೆಯುತ್ತಲೇ ಬಾಮೈದ ಆಳುಗಳನ್ನು ಟ್ರ್ಯಾಕ್ಟರಿನಲ್ಲಿ ತುಂಬಿಕೊಂಡು ಬಂದ. ಹಿಂದೆ ಬೈಕಿನಲ್ಲಿ ಕಂಟ್ರಾಕ್ಟರ್. ಅಂದು ಭಾನುವಾರ, ನಾನು ಊರಲ್ಲೇ ಇದ್ದೆ.

"ಶೀಟು ಬೇರೆ ಕಡೆ ಬೇಕಾಗೈತೆ, ಬಿಚ್ರೋ" ಎಂದ ಬಾಮೈದ.

"ಈಗ ಬಿಚ್ಚಿದ್ರೆ ಚಾವಣಿ ಜಗ್ಗುತ್ತೆ" ಎಂದು ನಾನು ಅಡ್ಡ ನಿಂತೆ. "ನಿಮಗೆ ಮೊದಲೇ ಹೇಳಿದ್ದೀವಿ."

ಕಂಟ್ರಾಕ್ಟರ್ ಊರವರ ಕಡೆ ತಿರುಗಿ, "ನೋಡ್ರಪ್ಪ, ಅಮ್ಮನೋರೇ ಹೇಳ್ತಾವ್ರೆ, ಜಗ್ಗುತ್ತೆ ಅಂತ. ನಾನು ಹಾಕಿದ ಚಾವಣಿ ಯಾವ್ದಾದ್ರೂ ಇಷ್ಟು ದಿನ ಕೋಲು ಊರ್ಕೊಂಡು ನಿಂತಿತ್ತಾ?" ಎಂದ. ಜನ ನಕ್ಕರು. ಅವನಿಗೆ ಬೇಕಾಗಿದ್ದದ್ದು ಶೀಟಲ್ಲ, ಆ ಚಾವಣಿ ಬೀಳುವುದು. ಬಿದ್ದರೆ ಇಡೀ ತಾಲ್ಲೂಕಿನಲ್ಲಿ ಕೆರೆ ಮರಳನ್ನು ಬೇಡವೆನ್ನುವ ಬಾಯಿ ಮುಚ್ಚುತ್ತಿತ್ತು. ಯಾರಾದರೂ ಹೆಂಗಸರು ಒಳಗಿರುವರೋ ಇಲ್ಲವೋ ಎಂದು ಅವನು ಒಂದು ಸಲವೂ ಕಣ್ಣು ಹಾಯಿಸಲಿಲ್ಲ.

ಅಕ್ಕ ಹುಳುಮನೆಯಿಂದ ಸೊಪ್ಪಿನ ಕೈಯಲ್ಲೇ ಬಂದಳು. ನೇರ ಚಾವಣಿಯ ಕೆಳಗೆ ಹೋಗಿ, ಒಂದು ಹಾಲಿನ ಕ್ಯಾನು ಬೋರಲು ಹಾಕಿ ಅದರ ಮೇಲೆ ಕೂತಳು.

"ಬಿಚ್ಚೋ" ಎಂದಳು ಬಾಮೈದನಿಗೆ. "ನನ್ನ ಮೇಲೆ ಬೀಳೋ ಹಂಗೆ ಬಿಚ್ಚು. ಪೊಲೀಸ್ನೋರಿಗೆ ಹೇಳಕ್ಕೆ ಈ ಜನ ಎಲ್ಲಾ ಅವ್ರೆ."

ನನಗೆ ತಲೆ ಕೆಟ್ಟಿತು. "ಬುದ್ಧಿ ಇದೆಯೇನೇ ನಿನಗೆ? ಎದ್ದು ಬಾ ಆಚೆ!" ಎಂದು ಕಿರುಚಿದೆ. ಅವಳು ಅಲ್ಲಾಡಲಿಲ್ಲ. ಒಬ್ಬೊಬ್ಬರಾಗಿ ಡೇರಿಯ ಹೆಂಗಸರು ಒಳಗೆ ಹೋಗಿ ಕಂಬಗಳ ನಡುವೆ ಕೂತರು. ಆಳುಗಳು ಸುತ್ತಿಗೆ ಕೆಳಗಿಟ್ಟರು. ಅವರ ಮನೆಯ ಹೆಂಗಸರೂ ಆ ಗುಂಪಿನಲ್ಲಿದ್ದರು. ಕಂಟ್ರಾಕ್ಟರ್ ಏನೋ ಬಯ್ಯುತ್ತಾ ಬೈಕಿಗೆ ಕಿಕ್ ಹೊಡೆದ. ಟ್ರ್ಯಾಕ್ಟರ್ ಖಾಲಿ ಹೋಯಿತು.

ನಾವು ಹೇಳಿದ ಗಡುವು ಮುಗಿದ ಮೇಲೆ ಬಿಚ್ಚಿಸಿದೆವು. ಆ ದಿನ ಊರೆಲ್ಲ ನೆರೆದಿತ್ತು, ಯಾರೂ ಹತ್ತಿರ ಬರಲಿಲ್ಲ. ಮೇಸ್ತ್ರಿ ನಡುವಿನ ಕಂಬದಿಂದ ಶುರುಮಾಡಿ ಒಂದೊಂದನ್ನೇ ಒದ್ದು ಬೀಳಿಸಿದ. ಶೀಟುಗಳು ದಡಾರನೆ ಬಿದ್ದು ಧೂಳೆದ್ದಿತು. ಧೂಳು ಇಳಿದಾಗ ಚಾವಣಿ ಕಂಡಿತು, ಬೂದುಬಣ್ಣದ್ದು, ಸಮವಾಗಿ ನಿಂತದ್ದು. ಒಂದು ಕೂದಲೆಳೆ ಬಿರುಕಿರಲಿಲ್ಲ. ಮೇಸ್ತ್ರಿ ಸುತ್ತಿಗೆಯಿಂದ ತಟ್ಟಿ ನೋಡಿ, "ಪರವಾಲೇದಮ್ಮಾ" ಎಂದ. ಅಷ್ಟು ದಿನ ಕಾಡಿಸಿದವನ ಬಾಯಲ್ಲಿ ಬಂದ ಹೊಗಳಿಕೆ ಅಷ್ಟೇ, ಪರವಾಗಿಲ್ಲ ಎಂದು. ಅಕ್ಕ ಹಾಲು ಕಾಯಿಸಿ ಉಕ್ಕಿಸಿದಳು. ಒಡೆಯಲಿಲ್ಲ. ನಾನು ಅತ್ತೆ. ಸಂತೋಷಕ್ಕೋ ಸಿಟ್ಟಿಗೋ ಹೇಳಲಾರೆ.

ಕತೆ ಇಲ್ಲಿಗೆ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಲೇ ಇರಲಿಲ್ಲ.

ಕೆಲವು ವರ್ಷಗಳಲ್ಲಿ ಫಿಲ್ಟರ್ ಮರಳಿನ ಮೇಲೆ ಗಲಾಟೆ ಜಾಸ್ತಿಯಾಯಿತು. ಪೇಪರಿನಲ್ಲಿ ಬಂತು, ಅಧಿಕಾರಿಗಳು ಬಂದು ಮೋಟಾರು ಕಿತ್ತರು, ತೊಟ್ಟಿ ಒಡೆದರು. ನಮ್ಮ ಕೆರೆಯಲ್ಲಿ ಅಷ್ಟು ಹೊತ್ತಿಗೆ ತೊಳೆಯಲು ಏನೂ ಉಳಿದಿರಲಿಲ್ಲ. ಮಳೆ ಬಂದರೆ ನೀರು ಗುಂಡಿಗಳಲ್ಲಿ ನಿಲ್ಲುತ್ತಿತ್ತು, ತೂಬಿನವರೆಗೆ ಬರುತ್ತಿರಲಿಲ್ಲ. ಕಂಟ್ರಾಕ್ಟರ್ ಸುಮ್ಮನೆ ಕೂರುವವನಲ್ಲ. ಊರಿನ ಪಡುವಲಿನ ಗುಡ್ಡವನ್ನು ಗುತ್ತಿಗೆ ಹಿಡಿದು ಕ್ರಷರ್ ಹಾಕಿದ. ಜಲ್ಲಿಗಲ್ಲ, ಮರಳಿಗೇ. ಗುಡ್ಡವನ್ನು ಸಿಡಿಸಿ, ಕಲ್ಲನ್ನು ಅರೆದು ಮರಳು ಮಾಡುವ ಯಂತ್ರ. ದಾರಿಯಲ್ಲಿ ದೊಡ್ಡ ಬೋರ್ಡು ನೆಟ್ಟ. ಅದರಲ್ಲಿ ಹಸಿರು ಎಲೆಯ ಚಿತ್ರ, ಕೆಳಗೆ 'ಪರಿಸರ ಸ್ನೇಹಿ ಮರಳು' ಎಂದು ಬರೆಸಿದ್ದ.

ಕ್ರಷರಿನ ಪೂಜೆಗೆ ನನ್ನನ್ನು ಕರೆಯಲು ಕೋಲಾರದ ಮನೆಗೇ ಬಂದ. ಕೈಯಲ್ಲಿ ಹಣ್ಣಿನ ತಟ್ಟೆ.

"ಎಲ್ಲಾ ನೀನು ಹೇಳಿಕೊಟ್ಟಿದ್ದೇ ಅಲ್ವಾ ತಾಯಿ. ಕೆರೆ ಮುಟ್ಬೇಡ, ಕಲ್ಲುಪುಡಿ ಹಾಕು ಅಂದೆ. ಹಾಕ್ತಾವ್ನಿ. ಬಂದು ಎರಡು ಮಾತಾಡ್ಬೇಕು ನೀನು."

"ನಾನು ಹೇಳಿದ್ದು ಬಿದ್ದಿರೋ ಕಸಾನ ಬಳಸು ಅಂತ. ಗುಡ್ಡ ಅರೆ ಅಂತ ಅಲ್ಲ. ಅದೂ ಊರ ಪಕ್ಕದಲ್ಲಿ!"

"ಎಲ್ಲಾ ಒಂದೇ ಕಣಮ್ಮ. ಕಲ್ಲು ಕಲ್ಲೇ."

ಹಣ್ಣಿನ ತಟ್ಟೆಯನ್ನು ಹೊರಗಿಟ್ಟು ಬಾಗಿಲು ಹಾಕಿಕೊಂಡೆ. ಪೂಜೆಗೆ ಹೋಗಲಿಲ್ಲ. ಆದರೂ ಅಲ್ಲಿ ಮೈಕಿನಲ್ಲಿ ನನ್ನ ಹೆಸರು ಹೇಳಿದನಂತೆ. ಊರ ಮಗಳ ಆಶೀರ್ವಾದವಿದೆ ಎಂದನಂತೆ.

ಆಮೇಲೆ ಧೂಳು ಶುರುವಾಯಿತು. ಗಾಳಿ ಪಡುವಲಿಂದ ಬೀಸಿದ ದಿನಗಳಲ್ಲಿ ಅಕ್ಕನ ಹಿಪ್ಪುನೇರಳೆ ತೋಟದ ಮೇಲೆ ಹಿಟ್ಟು ಚೆಲ್ಲಿದ ಹಾಗಿರುತ್ತಿತ್ತು. ರೇಷ್ಮೆ ಹುಳು ನಯದ ಪ್ರಾಣಿ. ಕೈಗೆ ಹೊಗೆಸೊಪ್ಪಿನ ವಾಸನೆ ಇದ್ದರೂ ಅದಕ್ಕಾಗದು. ಧೂಳು ಸೊಪ್ಪು ಹಾಕಿದರೆ ಬಾಯಿ ಮುಟ್ಟಿಸುವುದಿಲ್ಲ, ಮುಟ್ಟಿಸಿದರೆ ಸೊರಗುತ್ತದೆ. ಅಕ್ಕ ಸೊಪ್ಪು ತೊಳೆದಳು. ಒದ್ದೆ ಸೊಪ್ಪು ಹಾಕಿದರೆ ರೋಗ. ತೊಳೆದು ಬಟ್ಟೆಯಲ್ಲಿ ಒರೆಸಿ ಹಾಕಿದಳು. ಒಂದು ಮನೆ ಹುಳು ತಿನ್ನುವ ಸೊಪ್ಪನ್ನು ಎಲೆ ಎಲೆಯಾಗಿ ಒರೆಸಲು ಯಾರಿಗೆ ಸಾಧ್ಯ? ನಾಲ್ಕನೇ ಜ್ವರ ಎದ್ದು, ಎಂದರೆ ಕಡೆಯ ಸಲ ಪೊರೆ ಬಿಟ್ಟು, ಇನ್ನೇನು ಗೂಡು ಕಟ್ಟುವ ಹೊತ್ತಿಗೆ ಬಂದ ಹುಳುಗಳು ಮೆತ್ತಗಾಗಿ, ಕಪ್ಪಾಗಿ ತಟ್ಟೆ ತಟ್ಟೆಯೇ ಸತ್ತವು. ಆ ವಾಸನೆ ಗೊತ್ತಿದ್ದವರಿಗೇ ಗೊತ್ತು. ನಾನು ಹೋದಾಗ ಅಕ್ಕ ಅವುಗಳನ್ನು ಬುಟ್ಟಿಯಲ್ಲಿ ತುಂಬಿ ಗುಂಡಿಗೆ ಹಾಕುತ್ತಿದ್ದಳು.

"ನಿನ್ನ ಕಲ್ಲುಪುಡಿ ಮಾಡಿದ ಕೆಲ್ಸ ನೋಡಮ್ಮ" ಎಂದಳು ಪಕ್ಕದ ಮನೆಯವಳು.

ನಾನು ಬಾಯಿ ತೆರೆಯುವ ಮೊದಲೇ ಅಕ್ಕ ಅವಳ ಮೇಲೆ ಹರಿಹಾಯ್ದಳು. "ಬಾಯಿ ಮುಚ್ಚೇ! ಅವಳು ಗುಡ್ಡ ಸಿಡ್ಸು ಅಂದ್ಲಾ? ಸೊಪ್ಪಿನ ತೋಟದ ನೆತ್ತಿ ಮೇಲೆ ಮೆಷಿನ್ನು ಇಡು ಅಂದ್ಲಾ? ಅನ್ನೋದಾದ್ರೆ ಅಲ್ಲಿ ಹೋಗಿ ಅನ್ನು ನಡಿ!"

ಅಕ್ಕ ಮಾತಿಗೆ ಹೇಳಿದಳೋ ಸಿಟ್ಟಿಗೆ ಹೇಳಿದಳೋ, ಮರುದಿನ ಬೆಳಗ್ಗೆ ಹಾಲು ಹಾಕಿದ ಹೆಂಗಸರೆಲ್ಲ ಖಾಲಿ ಕ್ಯಾನುಗಳನ್ನು ಹೊತ್ತು ಕ್ರಷರಿನ ದಾರಿಗೆ ನಡೆದರು. ದಾರಿಗೆ ಅಡ್ಡ ಕ್ಯಾನು ಜೋಡಿಸಿ ಕೂತರು. ಹುಳು ಸಾಕುವ ಗಂಡಸರೂ ಬಂದು ಸೇರಿದರು. ಲಾರಿಗಳು ಹಿಂದೆ ಸಾಲುಗಟ್ಟಿದವು. ನಾನು ಕಾಲೇಜಿಗೆ ರಜೆ ಹಾಕಿ ಅವರ ಜೊತೆ ಕೂತೆ. ಕಂಟ್ರಾಕ್ಟರ್ ಬಂದು, "ಇವ್ಳೇ ಹೇಳಿ ಮಾಡ್ಸಿದ್ದು, ಈಗ ಇವ್ಳೇ ಕೂತವ್ಳೆ" ಎಂದು ನನ್ನತ್ತ ಬೆರಳು ಮಾಡಿದ.

ಆ ಹೊತ್ತಿಗೆ ನನ್ನಲ್ಲಿ ಕಟ್ಟಿಕೊಂಡಿದ್ದೆಲ್ಲ ಬಾಯಿಗೆ ಬಂತು. ಕಾಂಕ್ರೀಟಿಗೆ ಮರಳು ಎಲ್ಲಿಂದಲಾದರೂ ಬರಲೇಬೇಕು, ಅದು ಸುಳ್ಳಲ್ಲ. ಹಾಗೆಂದು ಅರೆಯುವ ಜಾಗಕ್ಕೆ ಸೂರು ಹಾಕಬೇಕು, ಪುಡಿ ಸಾಗಿಸುವ ಬೆಲ್ಟು ಮುಚ್ಚಬೇಕು, ಕಲ್ಲಿನ ಮೇಲೆ ನೀರು ಚಿಮುಕಿಸಬೇಕು, ಊರಿನಿಂದ ದೂರವಿರಬೇಕು, ಹಳೆಯ ಕಟ್ಟಡದ ಕಲ್ಲು ಕಾಂಕ್ರೀಟು ಇರುವಾಗ ಹೊಸ ಗುಡ್ಡಕ್ಕೆ ಕೈ ಹಾಕಬಾರದು. "ಇದರಲ್ಲಿ ಒಂದಾದ್ರೂ ಮಾಡಿದ್ದೀಯೇನಣ್ಣ? ಬೋರ್ಡಲ್ಲಿ ಎಲೆ ಬರೆಸಿದ್ದೀಯಲ್ಲ, ತೋಟದಲ್ಲಿರೋ ಎಲೆ ಬಂದು ನೋಡು!" ಎಂದೆ. ಅಕ್ಕ ಎದ್ದು ಮಡಿಲಿನಲ್ಲಿ ಕಟ್ಟಿಕೊಂಡು ಬಂದಿದ್ದ ಬಿಳಿಚಿದ ಸೊಪ್ಪನ್ನು ಅವನ ಬಿಳಿ ಅಂಗಿಯ ಮೇಲೆ ಎರಚಿದಳು. ಅಂಗಿಗೂ ಸೊಪ್ಪಿಗೂ ಬಣ್ಣದಲ್ಲಿ ಅಂಥ ವ್ಯತ್ಯಾಸವಿರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ತಾಲ್ಲೂಕಿನವರು ಬಂದರು, ಪೊಲೀಸರು ಬಂದರು. ಡೇರಿ ಕಟ್ಟಡದ ಕಾಲದಲ್ಲಿ ಕಾಫಿ ಕೊಟ್ಟ ಇಂಜಿನಿಯರು ಬಡ್ತಿ ಪಡೆದು ಬೇರೆ ಜಿಲ್ಲೆಗೆ ಹೋಗಿದ್ದರು, ಅವರ ಜಾಗದಲ್ಲಿ ಬಂದವರು ಚಿಕ್ಕ ವಯಸ್ಸಿನವರು, ಮಾತು ಕೇಳಿಸಿಕೊಂಡರು. ತೋಟಕ್ಕೆ ಬಂದು ಎಲೆ ಮುಟ್ಟಿ ಬೆರಳು ನೋಡಿಕೊಂಡರು. ಕೆಲವು ವಾರ ಕ್ರಷರ್ ನಿಂತಿತು. ಮತ್ತೆ ಶುರುವಾದಾಗ ಬೆಲ್ಟಿನ ಮೇಲೆ ತಗಡಿನ ಮುಚ್ಚಳ ಬಂದಿತ್ತು, ನೀರಿನ ಪೈಪು ಬಂದಿತ್ತು. ತೋಟದ ಕಡೆಯ ಅಂಚಿಗೆ ಹಸಿರು ಬಲೆ ಕಟ್ಟಿಸಿದ್ದರು. ಗುಡ್ಡ ಮಾತ್ರ ದಿನದಿನಕ್ಕೆ ಕುಗ್ಗುತ್ತಲೇ ಹೋಯಿತು. ಕ್ರಷರನ್ನು ಎತ್ತಿಸಲು ನಮ್ಮಿಂದ ಆಗಲಿಲ್ಲ. ಇದನ್ನು ಗೆಲುವು ಎಂದು ಯಾರಾದರೂ ಹೇಳಿದರೆ ನನಗೆ ಹಲ್ಲು ಕಡಿಯುವಂತಾಗುತ್ತದೆ.

ಅಕ್ಕ ಗುಡ್ಡದ ಕಡೆಯ ಸಾಲುಗಳನ್ನು ಕೀಳಿಸಿ ಹಸುಗಳಿಗೆ ಮೇವು ಹಾಕಿದಳು. ಗುಡ್ಡಕ್ಕೆ ದೂರದ ಮೂಡಲ ತುಂಡಿನಲ್ಲಿ ಹೊಸ ಕಡ್ಡಿ ನೆಟ್ಟು ಚಿಗುರಿಸಿದಳು. ಒಂದು ವರ್ಷ ಬಿಟ್ಟು ಮತ್ತೆ ಹುಳು ತಂದಳು. ಆ ಸಲ ಬೆಳೆ ಚೆನ್ನಾಗಿ ಬಂತು. ಹುಳು ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗಳ ತುಂಬ ಹಳದಿ ಗೂಡುಗಳು ಕಿಕ್ಕಿರಿದಿದ್ದವು. ಬಿಡಿಸಲು ಕೈ ಸಾಲದೆಂದು ನನ್ನನ್ನೂ ಕರೆಸಿಕೊಂಡಳು. ಇಬ್ಬರೂ ಜಗಲಿಯಲ್ಲಿ ಕೂತು ಗೂಡು ಬಿಡಿಸುತ್ತಿದ್ದಾಗ ಗಾಳಿ ತಿರುಗಿತು. ಅಕ್ಕ ಮುಖ ಎತ್ತಿ ಮೂಸಿದಳು.

"ಕ್ರಷರ್ ನೀರು ನಿಲ್ಸವ್ನೆ ನೋಡೇ" ಎಂದಳು.

ನೋಡಿದೆ. ಗುಡ್ಡದ ಕಡೆಯಿಂದ ಬಿಳಿಯ ಧೂಳು ಮೆಲ್ಲಗೆ ಎದ್ದು ಬಲೆಯ ಮೇಲಿಂದ ಹಾಯುತ್ತಿತ್ತು. ಇನ್ಸ್‌ಪೆಕ್ಷನ್ನಿನವರು ಬಂದು ಹೋಗಿ ಆಗಿತ್ತು. ಮಡಿಲಿನ ಗೂಡುಗಳನ್ನು ಮೊರಕ್ಕೆ ಸುರಿದು, ಚಪ್ಪಲಿ ಮೆಟ್ಟಿಕೊಂಡು ಇಬ್ಬರೂ ಕ್ರಷರಿನ ಕಡೆ ಹೊರಟೆವು.